ಭಾವ ಕಲಿತ ಅಡುಗೆ

ವಾಡಿಯಲ್ಲಿ ನಮ್ಮ ಮನೆಯ ಹಿತ್ತಲಲ್ಲಿ ಒಂದು ಹೊಟ್ಟಿನ ಒಲೆ ಇತ್ತು. ಹಳೆಯ ಎಣ್ಣೆ ಡಬ್ಬಿಯ ಬಾಯಿ ಕತ್ತರಿಸಿ, ಕೆಳಗೆ ಬದಿಯಲ್ಲಿ ಅಂಗೈಯಗಲ ತೂತು ಕೊರೆದು ಅವ್ವನೇ ಮಾಡಿಕೊಂಡದ್ದು. ಆ ತೂತಿನಿಂದ ಒಂದು ಕೋಲು ತೂರಿಸಿ, ಡಬ್ಬಿಯ ನಡುವೆ ಖಾಲಿ ಬಾಟಲಿ ನಿಲ್ಲಿಸಿ, ಸುತ್ತಲೂ ಕಟ್ಟಿಗೆ ಅಡ್ಡೆಯಿಂದ ತಂದ ಗರಗಸದ ಹೊಟ್ಟನ್ನು ಮುಷ್ಟಿಯಿಂದ ಗುದ್ದಿ ಗುದ್ದಿ ತುಂಬಬೇಕು. ಆಮೇಲೆ ಬಾಟಲಿಯನ್ನು ತಿರುವುತ್ತ ಮೆಲ್ಲಗೆ ಮೇಲೆಳೆದು, ಕೋಲನ್ನೂ ಎಳೆದರೆ ಒಳಗೆ ಕೊಳವೆಯಂಥ ದಾರಿ ಉಳಿಯುತ್ತಿತ್ತು. ಕೆಳಗಿನ ತೂತಿನಲ್ಲಿ ಒಂದು ಚೂರು ಬೆಂಕಿ ಇಟ್ಟರೆ ಸಾಕು. ಜ್ವಾಲೆ ಕಾಣಿಸುತ್ತಿರಲಿಲ್ಲ. ಹೊಟ್ಟು ಒಳಗೊಳಗೇ ಕೆಂಪಾಗುತ್ತ, ಬೆಳಿಗ್ಗೆ ಹಚ್ಚಿದ ಒಲೆ ಮಧ್ಯಾಹ್ನ ದಾಟಿದರೂ ಆರುತ್ತಿರಲಿಲ್ಲ.

ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ. ನಾನು ಇನ್ನೂ ಶಾಲೆಗೆ ಹೋಗದಿದ್ದಾಗಲೇ ತೀರಿಕೊಂಡ. ಅವನ ಬದಲಿಗೆ ಅವ್ವನಿಗೆ ರನ್ನಿಂಗ್ ರೂಮಿನಲ್ಲಿ ಕೆಲಸ ಸಿಕ್ಕಿತು. ದೂರದಿಂದ ಗಾಡಿ ತಂದ ಡ್ರೈವರುಗಳು ಮಲಗಿ ಎದ್ದು ಹೋಗುವ ಜಾಗ ಅದು. ಅಲ್ಲಿ ಕಸ ಹೊಡೆಯುವುದು, ಹಾಸಿಗೆ ಬಟ್ಟೆ ಒಗೆಯುವುದು ಅವಳ ಪಾಲಿಗೆ ಬಂದಿತ್ತು. ಆದಿತ್ಯವಾರವೂ ಡ್ಯೂಟಿ ಇರುತ್ತಿತ್ತು. ಒಲೆಯ ಮುಂದೆ ಕುಳಿತು ಬೇಯಿಸುವಷ್ಟು ಬಿಡುವು ಅವಳಿಗೆ ಸಿಗುತ್ತಿರಲಿಲ್ಲ. ಅದಕ್ಕೇ ಈ ಹೊಟ್ಟಿನ ಒಲೆ.

ಆದಿತ್ಯವಾರ ಬೆಳಿಗ್ಗೆ ಅವ್ವ ದನದ ಮಾಂಸ ತರುತ್ತಿದ್ದಳು. ತೊಡೆಯ ಕಡೆಯದು ಸ್ವಲ್ಪ, ನಳ್ಳಿ ಎಲುಬು ಎರಡು. ಮಣ್ಣಿನ ಗಡಿಗೆಯಲ್ಲಿ ಕುಸುಬೆ ಎಣ್ಣೆ ಕಾಯಿಸಿ, ಉಳ್ಳಾಗಡ್ಡಿ, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಅರಿಶಿಣ, ಮಸಾಲೆ ಖಾರ ಹಾಕಿ, ಮಾಂಸವನ್ನು ಅದರಲ್ಲೇ ನೀರು ಬಿಡುವವರೆಗೆ ತಿರುವುತ್ತಿದ್ದಳು. ಮೇಲೆ ಒಂದು ಹಿಡಿ ಪುಂಡಿ ಸೊಪ್ಪು. ಆಮೇಲೆ ಮುಚ್ಚಳ ಇಟ್ಟು, ಅದರ ಸುತ್ತ ಜೋಳದ ಹಿಟ್ಟಿನ ಕಣಕ ಮೆತ್ತಿ ಬಾಯಿ ಕಟ್ಟಿಬಿಡುತ್ತಿದ್ದಳು. ಸೀರೆ ಬದಲಿಸಿ ಹೊರಡುವಾಗ ಅಕ್ಕನಿಗೆ ಹೇಳುವ ಮಾತು ಒಂದೇ. "ಮುಚ್ಚಳ ತೆಗಿಬ್ಯಾಡ. ನಾ ಬಂದು ತೆಗಿತೀನಿ."

ನಾವಿಬ್ಬರೇ ಹೆಣ್ಣುಮಕ್ಕಳು, ಅಕ್ಕ ನನಗಿಂತ ಆರೇಳು ವರ್ಷಕ್ಕೆ ದೊಡ್ಡವಳು. ಅವಳು ರೊಟ್ಟಿ ಬಡಿಯುತ್ತಿದ್ದಳು, ನಾನು ಹಿತ್ತಲಲ್ಲಿ ಕುಳಿತು ಬೆಕ್ಕು ಕಾಯುತ್ತಿದ್ದೆ. ಊರಿನ ಸಿಮೆಂಟ್ ಕಾರ್ಖಾನೆಯ ದೂಳು ಕುಳಿತ ನಮ್ಮ ಬೇಲಿಯ ಎಲೆಗಳು ಬಿಳುಚಿಕೊಂಡಿರುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಕಣಕ ಒಣಗಿ ಬಿರುಕು ಬಿಟ್ಟು, ಅದರ ಸಂದಿಯಿಂದ ಒಂದಿಷ್ಟು ಹಬೆ ಹೊರಡುತ್ತಿತ್ತು. ಹುಳಿ, ಖಾರ, ಕೊಬ್ಬು ಎಲ್ಲ ಕೂಡಿದ ವಾಸನೆ. ಅಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಕಣ್ಣು ಮುಚ್ಚಿ ಮೂಗು ಮೇಲೆತ್ತಿ ನಿಲ್ಲುತ್ತಿದ್ದಳು. ಅವ್ವ ಬಂದು ಕೈಕಾಲು ತೊಳೆದು ಮುಚ್ಚಳ ತೆಗೆದಾಗ ಮಾಂಸ ಬೆರಳು ತಾಗಿದರೆ ಎಲುಬಿನಿಂದ ಬಿಟ್ಟುಕೊಳ್ಳುವಷ್ಟು ಮೆತ್ತಗಾಗಿರುತ್ತಿತ್ತು. ನಳ್ಳಿ ಎಲುಬು ಎರಡೂ ಮಕ್ಕಳಿಗೆ. ಅಕ್ಕ ತನ್ನದನ್ನು ತಾಟಿನ ಅಂಚಿಗೆ ಬಡಿದು, ಒಳಗಿನ ತಿರುಳನ್ನು ರೊಟ್ಟಿಯ ಮೇಲೆ ಜಾರಿಸಿ, ಅರ್ಧ ಮುರಿದು ನನ್ನ ತಾಟಿಗೆ ಇಡುತ್ತಿದ್ದಳು. ನನ್ನ ಎಲುಬನ್ನು ಬಡಿಯಲು ನನಗೆ ಬರುವುದಿಲ್ಲವೆಂದು ಅದನ್ನೂ ಅವಳೇ ಬಡಿಯುತ್ತಿದ್ದಳು.

ತೊಂಬತ್ತರ ದಶಕದ ನಡುವೆ ಅಕ್ಕನನ್ನು ನೋಡಲು ಚಿಂಚೋಳಿಯಿಂದ ಒಂದು ಮನೆಯವರು ಬಂದರು. ನಮ್ಮವರೇ. ಆದರೆ ಹುಡುಗನ ಅಪ್ಪ ಭಜನೆ ಮಾಡುತ್ತ ಯಾತ್ರೆಗೆ ಹೋಗುವ ದಿಂಡಿಯ ಜೊತೆ ನಡೆದು ಹೋಗಿ ಕೊರಳಿಗೆ ತುಳಸಿ ಮಾಲೆ ಹಾಕಿಸಿಕೊಂಡು ಬಂದವರು. ಅಂದಿನಿಂದ ಆ ಮನೆಯಲ್ಲಿ ಮಾಂಸ ಬಿಟ್ಟಿದ್ದರು. ಅವರು ಆಗ ಬದುಕಿರಲಿಲ್ಲ. ಅವರ ಹೆಂಡತಿ, ಅಂದರೆ ಅಕ್ಕನ ಅತ್ತೆಯಾಗುವವಳು, ಆ ನೇಮವನ್ನು ತಪ್ಪದೆ ನಡೆಸಿಕೊಂಡು ಬಂದಿದ್ದಳು. ಚಹಾ ಕುಡಿದಾದ ಮೇಲೆ ಅವಳು ಅವ್ವನಿಗೆ ಹೇಳಿದಳು, "ಬಾಕಿ ಏನೂ ಕೇಳೂದಿಲ್ಲ ನಾವು. ಆದರ ನಮ್ಮ ಮನಿಯಾಗ ದೊಡ್ಡ ಖಂಡ ನಡಿಯೂದಿಲ್ಲ. ಕುರಿ ಆಡಿನ ಸಣ್ಣ ಖಂಡಾನೂ ನಡಿಯೂದಿಲ್ಲ. ಹುಡುಗಿ ಬಿಡಬೇಕಾಗ್ತದ."

"ಆಕಿಗೇ ಕೇಳ್ರಿ," ಎಂದಳು ಅವ್ವ.

ಅಕ್ಕ ಒಳಗಿನ ಬಾಗಿಲಿಗೆ ಒರಗಿ ನಿಂತಿದ್ದಳು. "ಬಿಡ್ತೀನ್ರಿ," ಎಂದಳು.

ಅವರು ಹೋದ ಮೇಲೆ ಅವ್ವ ಕೇಳಿದಳು, ನಾಲಿಗೆ ಕಟ್ಟಿಕೊಂಡು ಬಾಳುವೆ ಮಾಡುವುದು ಸುಲಭವೇನು ಎಂದು. ಅಕ್ಕ ಕಪ್ಪು ಬಸಿ ತೊಳೆಯುತ್ತ, "ಮನುಷ್ಯ ಚಲೋ ಇದ್ದಾನವ್ವ. ಮಾತಾಡುವಾಗ ಯಾರ ಮಾತೂ ಕಡಿಯೂದಿಲ್ಲ, ನೋಡಿದಿಲ್ಲ?" ಎಂದಳು. ಅದನ್ನು ನಾನಂತೂ ನೋಡಿರಲಿಲ್ಲ.

ಭಾವ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಬೆಳೆಸುವ ಕೆಲಸದಲ್ಲಿದ್ದ. ಕೆಂಪು ಮಣ್ಣು, ಗೊಬ್ಬರ, ಮರಳು ಕಲಸಿ ಸಣ್ಣ ಸಣ್ಣ ಕರಿ ಚೀಲಗಳಿಗೆ ತುಂಬುವುದು, ಬೀಜ ಊರುವುದು, ನೀರು ಹಾಕುವುದು. ಅವನ ಉಗುರಿನ ಸಂದಿಯ ಮಣ್ಣು ಮದುವೆಯ ದಿನವೂ ಪೂರ್ತಿ ಹೋಗಿರಲಿಲ್ಲ. ಮಾತು ಕಡಿಮೆ. ನಮ್ಮ ಮನೆಗೆ ಬಂದಾಗ ಅವ್ವ "ಬರ್ರಿ, ಕುಂದ್ರಿ" ಎಂದರೆ ಬಂದು ಕುಳಿತು, ಏಳಿ ಎನ್ನುವವರೆಗೆ ಅಲ್ಲೇ ಕುಳಿತಿರುತ್ತಿದ್ದ.

ಮದುವೆಯಾದ ಮೊದಲ ಪಂಚಮಿಗೆ ಅಕ್ಕ ಒಬ್ಬಳೇ ತವರಿಗೆ ಬಂದಳು. ಹಬ್ಬ ಕಳೆದ ಆದಿತ್ಯವಾರ ಅವ್ವ ರಜೆ ಹಾಕಿ ಗಡಿಗೆ ಏರಿಸಿದಳು. ಮಧ್ಯಾಹ್ನ ಮೂವರೂ ಉಣ್ಣಲು ಕುಳಿತಾಗ ಅಕ್ಕ ಬರೀ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡಳು.

"ಇಲ್ಲಿ ಯಾರ ನೋಡ್ತಾರ?" ಎಂದಳು ಅವ್ವ.

"ನಾ ನೋಡ್ತೀನಲ್ಲವ್ವ," ಎಂದಳು ಅಕ್ಕ.

ಅವ್ವ ಆಮೇಲೆ ಒತ್ತಾಯ ಮಾಡಲಿಲ್ಲ. ಅಕ್ಕ ಬಂದಾಗಲೆಲ್ಲ ಆ ಗಡಿಗೆ ಅಟ್ಟದ ಮೇಲೆಯೇ ಇರುತ್ತಿತ್ತು.

ಕೆಲವು ವರ್ಷ ಹೀಗೆ ಹೋದವು. ಮಕ್ಕಳಾಗಲಿಲ್ಲ. ಅಕ್ಕನ ಅತ್ತೆ ಅದಕ್ಕಾಗಿ ಒಂದು ಮಾತು ಆಡಿದವಳಲ್ಲ. ಅಕ್ಕನಿಗೆ ತಿಂಗಳಿಗೊಮ್ಮೆ ಹೋಗುವ ರಕ್ತ ನಡುನಡುವೆಯೂ ಹೋಗತೊಡಗಿದಾಗ, ಬಸಿರು ನಿಂತು ಇಳಿದು ಹೋಗುತ್ತಿದೆ ಎಂದೇ ಎಲ್ಲರೂ ತಿಳಿದರು. ಬೇರು, ಕಷಾಯ ಎಲ್ಲ ಆಯಿತು. ಕೊನೆಗೆ ದೊಡ್ಡ ದವಾಖಾನೆಯಲ್ಲಿ ಪರೀಕ್ಷೆ ಮಾಡಿ, ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರಿನ ಹುಣ್ಣಾಗಿದೆ, ಹೈದರಾಬಾದಿಗೆ ಹೋಗಿ ಕರೆಂಟು ಕೊಡಿಸಬೇಕು ಎಂದರು. ಭಾವ ಕರೆದುಕೊಂಡು ಹೋದ. ಅಲ್ಲಿ ಧರ್ಮಶಾಲೆಯೊಂದರಲ್ಲಿ ಉಳಿದು ದಿನಾ ದವಾಖಾನೆಗೆ ಹೋಗಿ ಬರುತ್ತಿದ್ದರಂತೆ.

ನಾನು ಆಗಷ್ಟೇ ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಅವರು ತಿರುಗಿ ಬರುವ ಹೊತ್ತಿಗೆ ಅವ್ವ ನನ್ನನ್ನು ಚಿಂಚೋಳಿಗೆ ಕಳಿಸಿದಳು. ಅಕ್ಕ ಬಸ್ಸಿನಿಂದ ಇಳಿದಾಗ ಸೀರೆಯೇ ನಡೆದು ಬಂದಂತಿತ್ತು. ಆದರೆ ಮುಖದಲ್ಲಿ ಗೆಲುವಿತ್ತು. "ಇನ್ನ ಬರೂದು ಬ್ಯಾಡ ಅಂದಾರ," ಎಂದು ನನಗೆ ಹೇಳಿದಳು. ಸಂಜೆ ನಾನು ಬೋರಿಂಗಿನ ಹತ್ತಿರ ಕೊಡ ತುಂಬುವಾಗ ಭಾವ ಬಂದು ಹಿಡಿಕೆ ಹೊಡೆಯತೊಡಗಿದ. ಕೊಡ ತುಂಬಿ ಚೆಲ್ಲಿದರೂ ಹೊಡೆಯುತ್ತಲೇ ಇದ್ದ. ಆಮೇಲೆ ಹೇಳಿದ, "ಇನ್ನ ಬರಬ್ಯಾಡ್ರಿ ಅಂತ ಎದಕ್ಕ ಅಂದ್ರು, ಆಕಿಗಿ ತಿಳಿದಿಲ್ಲ. ನೀನೂ ಹೇಳಬ್ಯಾಡವ್ವ."

ಆ ಕರೆಂಟಿನಿಂದಲೋ ಔಷಧದಿಂದಲೋ ಅಕ್ಕನ ನಾಲಿಗೆ ಸತ್ತುಹೋಗಿತ್ತು. ಏನು ಬಾಯಿಗೆ ಇಟ್ಟರೂ "ತಗಡ ನೆಕ್ಕಿದಂಗ ಆಗ್ತದ" ಎನ್ನುತ್ತಿದ್ದಳು. ಅವಳ ಅತ್ತೆ ಸಜ್ಜಕ ಮಾಡಿದಳು, ಹೆಸರುಬೇಳೆ ಗಂಜಿ ಮಾಡಿದಳು, ನುಚ್ಚಿಗೆ ಮಜ್ಜಿಗೆ ಕಲಸಿ ಸಣ್ಣ ತುತ್ತು ಮಾಡಿ ಮುಂದೆ ಹಿಡಿದಳು. ಅಕ್ಕ ಅತ್ತೆಯ ಮನಸ್ಸಿಗೆ ನೋವಾಗಬಾರದೆಂದು ಒಂದೆರಡು ತುತ್ತು ನುಂಗಿ, ಅವಳು ಒಳಗೆ ಹೋದ ಕೂಡಲೇ ನನ್ನ ಕೈಗೆ ತಾಟು ಕೊಡುತ್ತಿದ್ದಳು. ದಿನದಿಂದ ದಿನಕ್ಕೆ ಬಳೆಗಳು ಮೊಣಕೈಯವರೆಗೆ ಜಾರತೊಡಗಿದವು.

ಒಂದು ಮಧ್ಯಾಹ್ನ ಅವಳು ನಿದ್ದೆಗಣ್ಣಿನಲ್ಲಿ ಮಾತಾಡಿದಳು. ನಾನು ಕಾಲು ಒತ್ತುತ್ತಿದ್ದೆ. "ಇವತ್ತ ಐತವಾರ ಅಲ್ಲೇನು?" ಎಂದಳು. ಅಲ್ಲ ಎನ್ನುವಷ್ಟರಲ್ಲಿ, "ಅವ್ವ ಇನ್ನೂ ಬಂದಿಲ್ಲ. ಮುಚ್ಚಳ ತೆಗಿಬ್ಯಾಡ, ವಾಸನಿ ಹೋಗ್ತದ," ಎಂದು ಮಗ್ಗುಲು ತಿರುಗಿದಳು. ನಿದ್ದೆಯಲ್ಲೇ ತುಟಿ ಚಪ್ಪರಿಸುತ್ತಿದ್ದಳು.

ಭಾವ ಬಾಗಿಲಲ್ಲಿ ನಿಂತಿದ್ದ. ನನ್ನನ್ನು ಹೊರಗೆ ಕರೆದು, ಯಾವ ಮುಚ್ಚಳ ಎಂದು ಕೇಳಿದ. ನಾನು ಹೇಳಿದೆ. ಹೊಟ್ಟಿನ ಒಲೆ, ಗಡಿಗೆ, ಪುಂಡಿ ಸೊಪ್ಪು, ನಳ್ಳಿ ಎಲುಬನ್ನು ಅವಳು ತಾಟಿಗೆ ಬಡಿಯುತ್ತಿದ್ದದ್ದು, ಎಲ್ಲ. ಅವನು ಕಟ್ಟೆಯ ಮೇಲೆ ಕುಳಿತು ಕೇಳಿದ.

"ಅಷ್ಟು ಸೇರತಿತ್ತೇನು ಆಕಿಗಿ?"

"ಭಾಳ."

"ನನಗ ಒಮ್ಮೀನೂ ಹೇಳಿಲ್ಲ ನೋಡು," ಎಂದ.

ಮರುದಿನ ಅವನು ನರ್ಸರಿಗೆ ಹೋಗಿದ್ದಾನೆ ಎಂದೇ ನಾವು ತಿಳಿದಿದ್ದೆವು. ಅವನು ಸೇಡಂ ಬಸ್ಸು ಹತ್ತಿ, ಅಲ್ಲಿಂದ ರೈಲಿನಲ್ಲಿ ವಾಡಿಗೆ ಹೋಗಿದ್ದ. ಅಲ್ಲಿ ನಡೆದದ್ದನ್ನು ಅವ್ವ ನನಗೆ ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ. ಅಳಿಯ ಒಬ್ಬನೇ ಬಂದದ್ದು ಕಂಡು ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬಂದಳಂತೆ. ಅವನು ನೀರು ಕುಡಿದು, ಹುಷಾರಿದ್ದಾಳೆ ಎಂದು ಮೊದಲು ಹೇಳಿ, ಆಮೇಲೆ ಕೇಳಿದನಂತೆ, "ಅತ್ತಿ, ಆ ಐತವಾರದ ಅಡಿಗಿ ನನಗ ಕಲಸ್ರಿ."

"ನಾನೇ ಮಾಡಿ ಕೊಡ್ತೀನಲ್ರಿ. ಒಯ್ಯಿರಿ."

"ಒಂದಿನದ ಮಾತಲ್ಲ ಅತ್ತಿ. ದಿನಾ ವಾಡಿಗಿ ಬರಲಿಕ್ಕ ಆಗ್ತದೇನು? ನಾ ಮಾಡೂದು ಕಲೀತೀನಿ."

ಅವ್ವ ರನ್ನಿಂಗ್ ರೂಮಿಗೆ ಹೇಳಿ ಕಳಿಸಿ ಅಂದು ಕೆಲಸಕ್ಕೆ ಹೋಗಲಿಲ್ಲ. ಮಾಂಸ ತಂದು ಬೋಗುಣಿಯಲ್ಲಿ ಹಾಕಿ, ತೊಳೆಯಲು ಅವನ ಮುಂದಿಟ್ಟಳು. ನೀರು ಕೆಂಪಾದದ್ದು ನೋಡಿ ಅವನು ಎದ್ದು ಬೇಲಿಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡ. ಹುಟ್ಟಿ ಬುದ್ಧಿ ಬಂದಾಗಿನಿಂದ ಮುಟ್ಟಿದವನಲ್ಲ. ಅವ್ವ, "ಬಿಡ್ರಿ, ನಿಮ್ಮ ಕೈಲಿ ಆಗೂದಲ್ಲ," ಎಂದಳು. ಅವನು ಬಾಯಿ ತೊಳೆದುಕೊಂಡು ಬಂದು ಮತ್ತೆ ಕುಕ್ಕರುಗಾಲಿನಲ್ಲಿ ಕುಳಿತ. "ಸಸಿಗಿ ಹಾಕೋ ಗೊಬ್ಬರ ಕೈಲೇ ಕಲಸ್ತೀನಿ ಅತ್ತಿ. ಇದೂ ಆಗ್ತದ," ಎಂದ.

ಹೊಟ್ಟು ತುಂಬುವುದನ್ನು ಮಾತ್ರ ಅವನಿಗೆ ಕಲಿಸಬೇಕಾಗಲಿಲ್ಲ. ಸಸಿಯ ಚೀಲಕ್ಕೆ ಮಣ್ಣು ತುಂಬುವ ಕೈ. ಅಡಿಯಿಂದ ಪದರ ಪದರವಾಗಿ ಒತ್ತುತ್ತ ಬಂದು, ಬಾಟಲಿ ಎಳೆದಾಗ ಒಂದು ಚೂರು ಹೊಟ್ಟೂ ಉದುರಲಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಮಧ್ಯಾಹ್ನವೆಲ್ಲ ಅತ್ತೆ ಅಳಿಯ ಒಲೆಯ ಎರಡು ಕಡೆ ಕುಳಿತಿದ್ದರು. ಅಕ್ಕ ಸಣ್ಣವಳಿದ್ದಾಗ ಹೇಗಿದ್ದಳು ಎಂದು ಅವನು ಕೇಳುತ್ತ ಹೋದ, ಅವ್ವ ಹೇಳುತ್ತ ಹೋದಳು. ಕೊನೆಗೆ ಸ್ಟೀಲಿನ ಡಬ್ಬಿಗೆ ತುಂಬಿ ಟವೆಲ್ಲಿನಲ್ಲಿ ಕಟ್ಟಿ ಕೊಟ್ಟಳು. ರೈಲಿನಲ್ಲಿ ಚಿತ್ತಾಪುರ ದಾಟುವಾಗ ಪಕ್ಕದ ಹೆಂಗಸು ಡಬ್ಬಿಯಲ್ಲಿ ಏನಿದೆ ಎಂದು ಕೇಳಿದಳಂತೆ. "ಪೇಶಂಟಿಗಿ ಔಷಧರೀ," ಎಂದನಂತೆ.

ಅವನು ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಡಬ್ಬಿಯನ್ನು ಒಳಗೆ ತರಲಿಲ್ಲ. ಹಿತ್ತಲ ಕಟ್ಟೆಯ ಮೇಲಿಟ್ಟು ತಾಯಿಯನ್ನು ಕರೆದು, ಏನು ತಂದಿದ್ದೇನೆ ಎಂದು ಹೇಳಿದ. ನಾನು ಬಾಗಿಲ ಒಳಗೆ ನಿಂತಿದ್ದೆ.

"ನಿಮ್ಮಪ್ಪ ಮಾಲಿ ಹಾಕ್ಕೊಂಡ ಮನಿ ಇದು," ಎಂದಳು ಅವನ ತಾಯಿ.

"ಗೊತ್ತದ ಅವ್ವ. ಆಕೀನ ಹೊರಗ ಕರಕೊಂಡು ಬರ್ತೀನಿ. ಇಲ್ಲೇ ಹಿತ್ತಲದಾಗ ಉಣಲಿ. ಗಡಗಿ, ತಾಟು ಎಲ್ಲಾ ಬ್ಯಾರೆ ಇಡ್ತೀನಿ."

ಅವಳು ಬಾಗಿಲಿಗೆ ಸರಿದು ನಿಂತಳು. ಭಾವ ಒಳಗೆ ಹೋಗಿ ಅಕ್ಕನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಹಿತ್ತಲ ಹೊರಸಿನ ಮೇಲೆ ಕೂರಿಸಿದ. ಡಬ್ಬಿಯ ಮುಚ್ಚಳ ತೆಗೆದ. ಅಕ್ಕನಿಗೆ ಏನೆಂದು ತಿಳಿಯಲು ನೋಡಬೇಕಾಗಿರಲಿಲ್ಲ. ಅವಳ ಕಣ್ಣು ತುಂಬಿ ಬಂದವು. ಆದರೂ ತಲೆ ಅಲ್ಲಾಡಿಸಿದಳು.

"ಬ್ಯಾಡ," ಎಂದಳು. "ಅತ್ತಿಗಿ ಮಾತು ಕೊಟ್ಟೀನಿ."

ಭಾವ ಎಷ್ಟು ಹೇಳಿದರೂ ಬಾಯಿ ತೆರೆಯಲಿಲ್ಲ. ಡಬ್ಬಿಯ ಮೇಲೆ ಟವೆಲ್ ಮುಚ್ಚಿ ಅವನು ನೆಲದ ಮೇಲೆ ಕುಳಿತುಬಿಟ್ಟ. ಆಗ ಅವನ ತಾಯಿ ಬಾಗಿಲಿನಿಂದ ಇಳಿದು ಬಂದಳು. ಮೂಗಿಗೆ ಸೆರಗು ಹಿಡಿದಿದ್ದಳು. ಹೊರಸಿನ ಹತ್ತಿರ ಬಂದಾಗ ಸೆರಗು ಬಿಟ್ಟು ಅಕ್ಕನ ತಲೆಯ ಮೇಲೆ ಕೈಯಿಟ್ಟಳು.

"ಮಾತು ಕೊಟ್ಟದ್ದು ನನಗ ಅಲ್ಲೇನು?"

"ಹೌದ್ರಿ."

"ಹಂಗಿದ್ದರ ಅದು ನಿನಗ ತಿರುಗಿ ಕೊಟ್ಟೀನಿ. ಉಣ್ಣು."

ಅಷ್ಟು ಹೇಳಿ ಒಳಗೆ ಹೋದಳು. ನಾನು ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿದೆ. ಅಕ್ಕ ಮೊದಲ ತುತ್ತನ್ನು ಬಾಯಲ್ಲಿಟ್ಟುಕೊಂಡು ನುಂಗದೆ ಕುಳಿತಳು. ನಾವಿಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದೆವು. ಎರಡನೆಯ ತುತ್ತು. ಮೂರನೆಯದಕ್ಕೆ ಹುಬ್ಬು ಗಂಟಿಕ್ಕಿದಳು.

"ಉಪ್ಪು ಜರಾ ಕಡಿಮಿ ಆಗ್ಯಾದ," ಎಂದಳು.

ಹೈದರಾಬಾದಿನಿಂದ ಬಂದ ಮೇಲೆ ಅವಳ ನಾಲಿಗೆಗೆ ಉಪ್ಪು ಖಾರ ತಿಳಿದದ್ದು ಅದೇ ಮೊದಲು. ಭಾವ ಉಪ್ಪು ತರಲು ಒಳಗೆ ಹೋದವನು ಬೇಗ ಬರಲಿಲ್ಲ. ನಾನು ಹೋಗಿ ನೋಡಿದರೆ ಉಪ್ಪಿನ ಗಡಿಗೆಯಲ್ಲಿ ಕೈಯಿಟ್ಟುಕೊಂಡು ಗೋಡೆಗೆ ಮುಖ ಮಾಡಿ ನಿಂತಿದ್ದ. ನಾನೇ ಒಂದು ಚಿಟಿಕೆ ತೆಗೆದುಕೊಂಡು ಹೊರಗೆ ಬಂದೆ.

ಮರುದಿನ ಅಕ್ಕನ ಅತ್ತೆ ದೇವರ ಫೋಟೋಗಳನ್ನು ಒಂದು ಗಂಟಿನಲ್ಲಿ ಕಟ್ಟಿಕೊಂಡು ಚಿಮ್ಮನಚೋಡದ ತನ್ನ ತಮ್ಮನ ಮನೆಗೆ ಹೊರಟಳು. ಭಾವ ಬಸ್ಸಿನವರೆಗೆ ಗಂಟು ಹೊತ್ತು ಹೋದ. ನನ್ನ ಮುಂದೆ ಅವಳು ಹೇಳಿದ್ದು ಇಷ್ಟೇ. "ಸಿಟ್ಟಿಲೆ ಹೋಗಾಕತ್ತಿಲ್ಲ. ಆ ವಾಸನಿ ನನಗ ತಡಿಯೂದಿಲ್ಲ, ಏನ್ ಮಾಡ್ಲಿ. ಆಕಿ ಉಣಲಿ."

ಭಾವ ನರ್ಸರಿಯಲ್ಲಿ ಬಿದ್ದಿದ್ದ ಒಂದು ಡಬ್ಬಿ ತಂದು ಒಲೆ ಮಾಡಿದ. ಊರಿನ ಕಟ್ಟಿಗೆ ಅಡ್ಡೆಯಿಂದ ಹೊಟ್ಟು ತಂದ. ಬೆಳಿಗ್ಗೆ ಗಡಿಗೆಗೆ ಕಣಕ ಮೆತ್ತಿ ಒಲೆಯ ಮೇಲಿಟ್ಟು ಕೆಲಸಕ್ಕೆ ಹೋಗುತ್ತಿದ್ದ, ಮಧ್ಯಾಹ್ನ ಬಿಡುವು ಮಾಡಿಕೊಂಡು ಬಂದು ತೆಗೆಯುತ್ತಿದ್ದ. ವಾರಕ್ಕೆರಡು ಸಲವಾದರೂ ಮಾಡುತ್ತಿದ್ದ. ತಾನು ಮಾತ್ರ ಬಾಯಿಗೆ ಇಡುತ್ತಿರಲಿಲ್ಲ. ಒಗ್ಗುವುದಿಲ್ಲ ಎನ್ನುತ್ತಿದ್ದ. ಉಪ್ಪು ನೋಡಲು ಚಮಚದಲ್ಲಿ ಸಾರು ಹಿಡಿದು ನನ್ನನ್ನು ಕರೆಯುತ್ತಿದ್ದ. ನಾನು "ಬರೋಬ್ಬರಿ ಅದ" ಎಂದ ಮೇಲೆಯೇ ಅಕ್ಕನಿಗೆ ಬಡಿಸುವುದು. ಅಕ್ಕ ಉಣ್ಣುವಾಗ ಎದುರು ಕುಳಿತು, "ಅತ್ತಿ ಮಾಡಿದಂಗ ಅದೇನು?" ಎಂದು ಕೇಳುತ್ತಿದ್ದ.

"ಸನೇಕ ಬಂದದ," ಎನ್ನುತ್ತಿದ್ದಳು ಅಕ್ಕ. ಹತ್ತಿರ ಬಂದಿದೆ ಎಂದಳೇ ಹೊರತು ಅವ್ವನದರಂತೆಯೇ ಇದೆ ಎಂದು ಒಮ್ಮೆಯೂ ಹೇಳಲಿಲ್ಲ. ಹೇಳಿದರೆ ಅವನು ಕೇಳುವುದನ್ನು ಬಿಡುತ್ತಾನೆ ಎಂದಿದ್ದಳೋ ಏನೋ.

ಆ ಒಂದೆರಡು ತಿಂಗಳು ಅವಳು ಸುಧಾರಿಸಿದಳು. ಕೆನ್ನೆಗೆ ಸ್ವಲ್ಪ ಬಣ್ಣ ಬಂತು. ನೀರು ತರುವಾಗ ಬೋರಿಂಗಿನವರೆಗೆ ನನ್ನ ಜೊತೆ ಬಂದು, ಕಟ್ಟೆಯ ಮೇಲೆ ಕುಳಿತು ಹೋಗಿ ಬರುವವರನ್ನು ಮಾತಾಡಿಸಿದಳು. ಒಂದು ದಿನ ನನಗೆ ಜಡೆ ಹಾಕಿದಳು. ದವಾಖಾನೆಯವರು ಅಂದದ್ದು ಸುಳ್ಳಾಗಬಹುದು ಎಂದು ನನಗೆ ಅನಿಸತೊಡಗಿತ್ತು. ಭಾವನಿಗೂ ಅನಿಸಿರಬೇಕು. ಬೇಸಿಗೆ ಕಳೆದ ಮೇಲೆ ವಾಡಿಗೆ ಕರೆದುಕೊಂಡು ಹೋಗೋಣ, ಅವ್ವನ ಕೈಯದನ್ನೇ ಉಂಡು ಬರಲಿ ಎನ್ನುತ್ತಿದ್ದ.

ಅಕ್ಕನೇ ಅತ್ತೆಯನ್ನು ಕರೆಸಿಕೊಂಡಳು. "ಆಕಿ ಇಲ್ಲದ ಮನಿ ಭಣಭಣ ಅನಸ್ತದ. ನಾ ಈ ಖಂಡದ ಊಟ ಬಿಡ್ತೀನಿ, ಆಕಿಗಿ ಬಾ ಅನ್ರಿ," ಎಂದಳಂತೆ ಭಾವನಿಗೆ. ಅವನು ಚಿಮ್ಮನಚೋಡಕ್ಕೆ ಹೋಗಿ ಆ ಮಾತನ್ನು ಇದ್ದಂತೆ ಹೇಳಿದ. ಅತ್ತೆ ಅಂದೇ ಗಂಟು ಕಟ್ಟಿಕೊಂಡು ಬಂದಳು. ದೇವರ ಫೋಟೋಗಳನ್ನು ಬೀದಿಯ ಕಡೆಯ ಕೋಣೆಗೆ ಇಟ್ಟುಕೊಂಡಳು. ಅಕ್ಕನ ಆ ಊಟ ಬಿಡಿಸಲಿಲ್ಲ. ಒಂದು ಬೆಳಿಗ್ಗೆ ನಾನು ನೀರು ತಂದು ಹಿತ್ತಲಿಗೆ ಬಂದಾಗ ಅವಳು ಮೂಗಿಗೆ ಸೆರಗು ಸುತ್ತಿಕೊಂಡು ಒಲೆಯ ಮುಂದೆ ಬಗ್ಗಿದ್ದಳು. ಡಬ್ಬಿಯ ಅಂಚು ಒಂದು ಕಡೆ ಬಾಗಿ ಗಡಿಗೆ ವಾಲಿತ್ತು. ಅದರ ಕೆಳಗೆ ಒಂದು ಚಪ್ಪಟೆ ಕಲ್ಲು ಸೇರಿಸಿ ನೆಟ್ಟಗೆ ಕೂರಿಸಿದಳು. ನನ್ನನ್ನು ಕಂಡು, "ಬಿದ್ದಿದ್ದರ ಆಕಿ ಇವತ್ತ ಉಪಾಸ," ಎಂದಳಷ್ಟೇ. ಆಮೇಲೆ ಕೈಯನ್ನು ಹುಣಸೆಹಣ್ಣು ಹಚ್ಚಿ ಬಹಳ ಹೊತ್ತು ತೊಳೆದುಕೊಂಡಳು.

ಮಳೆಗಾಲ ಶುರುವಾದಾಗ ಅಕ್ಕನ ಕಾಲು ಬಾತವು. ಹೊಟ್ಟೆಯಲ್ಲಿ ನೋವು ಏರಿತು. ರೊಟ್ಟಿ ನುಂಗಲಾಗದೆ ಬರೀ ಸಾರು, ಆಮೇಲೆ ಸಾರೂ ಎರಡು ಚಮಚ. ಭಾವ ಮಾಡುವುದನ್ನು ಬಿಡಲಿಲ್ಲ. ಅಕ್ಕ ತನ್ನ ಹೊರಸನ್ನು ಹಿತ್ತಲ ಬಾಗಿಲಿಗೆ ಹಾಕಿಸಿಕೊಂಡಿದ್ದಳು. ಉಣ್ಣಲಾಗದಿದ್ದರೂ ಗಡಿಗೆ ಏರಿಸಿರಿ ಎನ್ನುತ್ತಿದ್ದಳು. ಹಬೆ ಬರತೊಡಗಿದರೆ ಅವಳ ನರಳಾಟ ಸ್ವಲ್ಪ ತಗ್ಗುತ್ತಿತ್ತು. ಒಮ್ಮೆ ನನ್ನ ಕೈ ಹಿಡಿದು, "ನೀ ಉಣ್ಣು, ನಾ ನೋಡ್ತೀನಿ," ಎಂದಳು. ನಾನು ಅವಳ ಎದುರು ತಾಟು ಇಟ್ಟುಕೊಂಡು ಉಂಡೆ. ಎಲುಬು ಬಡಿಯಲು ನನಗೆ ಆಗಲೂ ಸರಿಯಾಗಿ ಬರುತ್ತಿರಲಿಲ್ಲ. ಅವಳು ಕೈ ಚಾಚಿದಳು. ಅವಳಲ್ಲಿ ಬಡಿಯುವ ಶಕ್ತಿ ಇರಲಿಲ್ಲ. ಎಲುಬನ್ನು ಹಿಡಿದುಕೊಂಡೇ ಮಲಗಿದಳು.

ಅವಳು ಹೋದದ್ದು ಒಂದು ಮಧ್ಯಾಹ್ನ. ಬೆಳಿಗ್ಗೆ ಭಾವ ಎಂದಿನಂತೆ ಗಡಿಗೆ ಇಟ್ಟಿದ್ದ, ಕೆಲಸಕ್ಕೆ ಮಾತ್ರ ಹೋಗಿರಲಿಲ್ಲ. ಅಕ್ಕನ ಉಸಿರು ಬೆಳಗಿನಿಂದಲೇ ಬೇರೆ ಥರ ಇತ್ತು. ಅತ್ತೆ ತಲೆಯ ಕಡೆ, ಭಾವ ಕಾಲ ಕಡೆ, ನಾನು ಬಾಗಿಲಲ್ಲಿ. ಮಳೆ ನಿಂತು ಬಿಸಿಲು ಬಿದ್ದಿತ್ತು. ಅತ್ತೆ ಬಾಯಿಗೆ ನೀರು ಬಿಟ್ಟಳು. ನೀರು ಕಟವಾಯಿಯಿಂದ ಹೊರಗೆ ಬಂತು. ಆಗ ನಮಗೆ ತಿಳಿಯಿತು.

ಓಣಿಯವರು ಬಂದರು, ಅಳು ಎದ್ದಿತು. ಯಾರೋ ಎಸ್‌ಟಿಡಿ ಬೂತಿನಿಂದ ವಾಡಿಗೆ ಫೋನು ಹಚ್ಚಿ ರನ್ನಿಂಗ್ ರೂಮಿಗೆ ಸುದ್ದಿ ಮುಟ್ಟಿಸಿದರು. ಸಂಜೆಗೆ ಅವ್ವ ಬಂದಳು. ಡ್ಯೂಟಿಯ ಸೀರೆಯಲ್ಲೇ ಬಂದಿದ್ದಳು. ಅಕ್ಕನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು, ಅಳು ನಿಂತ ಮೇಲೆ ಮುಖ ತೊಳೆಯಲು ಹಿತ್ತಲಿಗೆ ಹೋದಳು. ಅಲ್ಲಿ ಒಲೆಯ ಮೇಲೆ ಗಡಿಗೆ ಹಾಗೇ ಇತ್ತು. ನಮಗ್ಯಾರಿಗೂ ನೆನಪಿರಲಿಲ್ಲ. ಹೊಟ್ಟು ಸುಟ್ಟು ಬೂದಿಯಾಗಿ ಒಳಗೆ ಒಂದಿಷ್ಟು ಕೆಂಪು ಉಳಿದಿತ್ತು.

ಅವ್ವ ಕುಳಿತು ಕಣಕ ಬಿಡಿಸಿ ಮುಚ್ಚಳ ತೆಗೆದಳು. ಭಾವ ಅವಳ ಹಿಂದೆ ಬಂದು ನಿಂತಿದ್ದ. ಅವ್ವ ಒಂದು ತುಂಡನ್ನು ಎರಡು ಬೆರಳಲ್ಲಿ ಒತ್ತಿ ನೋಡಿದಳು.

"ಬರೋಬ್ಬರಿ ಬೆಂದದ ನೋಡ್ರಿ," ಎಂದಳು. "ನನ್ನಂಗೇ ಮಾಡೀರಿ."

ಭಾವ ಅಲ್ಲಿಯವರೆಗೆ ಎಲ್ಲರೆದುರು ಒಂದು ಹನಿ ಹಾಕಿರಲಿಲ್ಲ. ಆ ಮಾತಿಗೆ ಕುಸಿದು ಕುಳಿತು, ಅವ್ವನ ಮೊಣಕಾಲಿಗೆ ಹಣೆ ಹಚ್ಚಿ ಅತ್ತ. ಅವ್ವ ಮಸಾಲೆಯ ಕೈಯನ್ನು ದೂರ ಹಿಡಿದುಕೊಂಡು ಇನ್ನೊಂದು ಕೈಯಿಂದ ಅವನ ಬೆನ್ನು ಸವರಿದಳು. ಆ ಗಡಿಗೆಯನ್ನು ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಅಕ್ಕನ ಅತ್ತೆಯೇ ಹೇಳಿದಳು, "ಚೆಲ್ಲಬ್ಯಾಡ್ರಿ. ಮಣ್ಣು ಮಾಡಲಿಕ್ಕ ಕುಣಿ ತೋಡಿ ಬಂದವರು ಹಸದಿದ್ದಾರ." ಪಕ್ಕದ ಮನೆಯವರು ರೊಟ್ಟಿ ಕೊಟ್ಟರು. ಮಣ್ಣು ಮೆತ್ತಿದ ಕಾಲಿನಲ್ಲಿ ಕುಣಿ ತೋಡಿದ ನಾಲ್ಕು ಮಂದಿ ಹಿತ್ತಲಲ್ಲಿ ಕುಳಿತು, ತಲೆ ತಗ್ಗಿಸಿ ಉಂಡು ಎದ್ದರು.

ಮುಂದೆ ಮೂರು ನಾಲ್ಕು ವರ್ಷ ಭಾವ ವರ್ಷಕ್ಕೊಮ್ಮೆ ವಾಡಿಗೆ ಬರುತ್ತಿದ್ದ. ಬರುವಾಗ ಯಾವುದಾದರೂ ಸಸಿ ತರುತ್ತಿದ್ದ. ಅವ್ವ ಅವನಿಗೆ ಬೇಳೆ, ರೊಟ್ಟಿ, ಹಿಂಡಿ ಬಡಿಸುತ್ತಿದ್ದಳು. ಇಬ್ಬರೂ ಅಕ್ಕನ ಹೆಸರು ಎತ್ತದೆ ಮಳೆ ಬೆಳೆಯ ಮಾತಾಡುತ್ತಿದ್ದರು. ಆಮೇಲೆ ಬರುವುದು ನಿಂತಿತು. ಮತ್ತೊಂದು ಮದುವೆಯಾಗಿದೆ ಎಂದು ಯಾರಿಂದಲೋ ಕೇಳಿದೆವು. ನನಗೆ ಶಹಾಬಾದಿನಲ್ಲಿ ಅಂಗನವಾಡಿಯ ಕೆಲಸ ಸಿಕ್ಕಿತ್ತು, ಅಲ್ಲೇ ಬಾಡಿಗೆ ಮನೆ ಹಿಡಿದು ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಗ್ಯಾಸು, ಕುಕ್ಕರು ಬಂದಿದ್ದವು. ದನದ ಮಾಂಸ ನಾನು ಕುಕ್ಕರಿನಲ್ಲಿ ಮಾಡುತ್ತಿದ್ದೆ, ಅವ್ವ ಸುಮ್ಮನೆ ಉಣ್ಣುತ್ತಿದ್ದಳು. ಚೆನ್ನಾಗಿದೆ ಎಂದಾಗಲಿ ಇಲ್ಲವೆಂದಾಗಲಿ ಹೇಳುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಮೀಟಿಂಗಿಗೆಂದು ಸೇಡಂಗೆ ಹೋಗಿದ್ದೆ. ತಿರುಗಿ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಮುದುಕಿಯೊಬ್ಬಳು ನನ್ನ ಕೈ ಹಿಡಿದಳು. ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಅಕ್ಕನ ಅತ್ತೆ. ಹಲ್ಲು ಉದುರಿದ್ದವು. ಅವ್ವ ಹೇಗಿದ್ದಾಳೆ, ನನಗೆ ಮದುವೆಯಾಯಿತೇ ಎಂದು ಕೇಳಿದಳು. ನನ್ನ ಕೈಯನ್ನು ಬಿಡದೆ, ಹೇಳಲೋ ಬೇಡವೋ ಎನ್ನುವಂತೆ ಅತ್ತಿತ್ತ ನೋಡಿ ಹೇಳಿದಳು, "ಮನಿಯಾಗ ಕೂಸು ಹುಟ್ಯಾದ. ಹೆಣ್ಣು."

"ಚಲೋ ಆಯ್ತು," ಎಂದೆ. ಅದು ಬಾಯಿಂದ ಬಂದದ್ದು ಸುಳ್ಳಾಗಿರಲಿಲ್ಲ, ಆದರೆ ಅವಳ ಹಿಡಿತದಿಂದ ಕೈ ಬಿಡಿಸಿಕೊಂಡಿದ್ದೆ. ಅವಳ ಬಸ್ಸು ಬಂತು. ಗಂಟು ಎತ್ತಿಕೊಟ್ಟು ಹತ್ತಿಸಿದೆ.

ಮನೆಗೆ ಬಂದು ಅವ್ವನಿಗೆ ಹೇಳುವುದೋ ಬಿಡುವುದೋ ಎಂದು ಯೋಚಿಸುತ್ತ ಬಟ್ಟೆ ಬದಲಿಸಿದೆ. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೊನೆಗೆ ಹೇಳಿದೆ. ಅವಳ ಕೈ ನಿಂತಿತು. ಮೊರದಲ್ಲಿದ್ದ ಒಂದು ಕಲ್ಲನ್ನು ಆರಿಸಿ ಬದಿಗಿಟ್ಟಳು, ಇನ್ನೊಂದನ್ನು ಆರಿಸಿದಳು.

"ಬಾಣಂತಿಗಿ ಹಾಲು ಅದಾವಂತೇನು?" ಎಂದು ಕೇಳಿದಳು.

ಅದನ್ನು ನಾನು ಕೇಳಿಕೊಂಡು ಬಂದಿರಲಿಲ್ಲ.